ಕರ್ತೃ ಕಾಣದ ಜಾಗತೀಕರಣ

2005ರ ಸೆಪ್ಟೆಂಬರಿನಲ್ಲಿ ಬ್ರೈಟನ್ನಿನಲ್ಲಿ ಸೇರಿದ್ದ ಲೇಬರ್ ಪಕ್ಷದ ಸಮ್ಮೇಳನದಲ್ಲಿ ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್ ಒಂದು ಮಾತು ಆಡಿದರು. ಜಾಗತೀಕರಣ ಬೇಕೋ ಬೇಡವೋ ಎಂದು ನಿಂತು ಚರ್ಚಿಸುವವರು, ಬೇಸಿಗೆ ಕಳೆದ ಮೇಲೆ ಶರತ್ಕಾಲ ಬರಬೇಕೋ ಬೇಡವೋ ಎಂದು ಚರ್ಚಿಸುವವರಿದ್ದಂತೆ ಎಂಬುದು ಅದರ ಸಾರ. ರಾಜಕಾರಣಿಯೊಬ್ಬ ಹೀಗೆ ಹೇಳಿದರೆ ಬೆರಗಾಗಬೇಕಿಲ್ಲ. ತಾನೇ ಸಹಿ ಹಾಕಿದ ಒಪ್ಪಂದವನ್ನು ಋತುಮಾನದ ಲೆಕ್ಕಕ್ಕೆ ಬರೆದುಬಿಟ್ಟರೆ ಹೊಣೆ ಹೊರುವ ಕಷ್ಟ ತಪ್ಪುತ್ತದೆ. ಬೆರಗು ಹುಟ್ಟಿಸುವ ಸಂಗತಿ ಬೇರೆಯೇ ಇದೆ. ಇದೇ ಮಾತನ್ನು ಸಮಾಜವಿಜ್ಞಾನಿಗಳು ಅದಕ್ಕೂ ಹದಿನೈದು ವರ್ಷ ಮೊದಲೇ, ಇನ್ನಷ್ಟು ಭಾರವಾದ ಪರಿಭಾಷೆಯಲ್ಲಿ ಬರೆದಿಟ್ಟಿದ್ದರು. ಬ್ಲೇರ್ ಅದನ್ನು ಸಭೆಗೆ ತಕ್ಕಂತೆ ಹಗುರ ಮಾಡಿಕೊಂಡರು, ಅಷ್ಟೆ.

ಅವರ ಸುತ್ತ ಇದ್ದ ಚಿಂತಕರಲ್ಲಿ ಮುಖ್ಯರಾದವರು ಆಂಥೊನಿ ಗಿಡೆನ್ಸ್. ಆಧುನಿಕತೆಯ ಪರಿಣಾಮಗಳ ಬಗ್ಗೆ 1990ರಲ್ಲಿ ಅವರು ಬರೆದ ಪುಸ್ತಕ ಜಾಗತೀಕರಣವನ್ನು ದೂರ ಮತ್ತು ಕಾಲದ ಸಂಬಂಧದಲ್ಲಿ ಆದ ಬದಲಾವಣೆಯಾಗಿ ವಿವರಿಸಿತು. ಎಲ್ಲೋ ದೂರದಲ್ಲಿ ನಡೆದದ್ದು ಇಲ್ಲಿನ ಬದುಕನ್ನು ತಿದ್ದುತ್ತದೆ, ಇಲ್ಲಿ ನಡೆದದ್ದು ಅಲ್ಲಿಗೆ ತಟ್ಟುತ್ತದೆ. 1999ರಲ್ಲಿ ಬಿಬಿಸಿಯ ರೀತ್ ಉಪನ್ಯಾಸಗಳಲ್ಲಿ ಅವರು ಇದನ್ನೇ ಜನರ ಮುಂದಿಟ್ಟರು. ಐದರಲ್ಲಿ ಒಂದು ಉಪನ್ಯಾಸ ದೆಹಲಿಯಲ್ಲೂ ನಡೆಯಿತು. ಇಡೀ ಮಾಲಿಕೆಗೆ ಅವರು ಕೊಟ್ಟ ಹೆಸರು ಕೈತಪ್ಪಿ ಓಡುವ ಜಗತ್ತನ್ನು ಸೂಚಿಸುತ್ತಿತ್ತು. ಓಡುವುದು ಜಗತ್ತು, ಓಡಿಸುವವರು ಯಾರೆಂಬ ಪ್ರಶ್ನೆಗೆ ಅಲ್ಲಿ ಜಾಗ ಕಡಿಮೆ. ವಿವರಣೆ ಸುಂದರವಾಗಿತ್ತು, ಅನುಭವಕ್ಕೂ ಹತ್ತಿರವಾಗಿತ್ತು. ಅದರಲ್ಲಿ ಇಲ್ಲದ್ದು ಕರ್ತೃಪದ ಮಾತ್ರ.

ಈ ಪರಂಪರೆಯ ದೋಷ ಇಲ್ಲೇ ಇದೆ ಎಂಬುದು ನನ್ನ ವಾದ. ಜಾಗತೀಕರಣ ಸಿದ್ಧಾಂತ ರಾಜಕಾರಣವನ್ನು ಪರಿಣಾಮದ ಖಾತೆಗೆ ಹಾಕಿತು. ಬಂಡವಾಳ ಹರಿಯಿತು, ತಂತ್ರಜ್ಞಾನ ಬಂತು, ಆಮೇಲೆ ಸರ್ಕಾರಗಳೂ ಪಕ್ಷಗಳೂ ಮತದಾರರೂ ಅದಕ್ಕೆ ಸ್ಪಂದಿಸಿದರು ಎಂಬ ಕಥೆ ಅದು. ಅದಕ್ಕೇ ಈ ವಿದ್ವಾಂಸರಿಗೆ 1999ರ ಸಿಯಾಟಲ್ ಪ್ರತಿಭಟನೆ ಅನಿರೀಕ್ಷಿತವಾಯಿತು, 2008ರ ಕುಸಿತ ಅನಿರೀಕ್ಷಿತವಾಯಿತು, 2016ರಲ್ಲಿ ಬ್ರೆಕ್ಸಿಟ್ ಮತ್ತು ಟ್ರಂಪ್ ಬಂದಾಗ ಮತ್ತೊಮ್ಮೆ ಬೆಚ್ಚಿಬೀಳಬೇಕಾಯಿತು.

ನಮ್ಮ ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಎಂ.ಎ. ತರಗತಿಗಳ ಟಿಪ್ಪಣಿಗಳಲ್ಲಿ ಇಂದಿಗೂ ಕಾಣುವುದು ಡೇವಿಡ್ ಹೆಲ್ಡ್, ಆಂಥೊನಿ ಮೆಕ್‌ಗ್ರೂ ಮತ್ತು ಸಂಗಡಿಗರು 1999ರಲ್ಲಿ ಮಾಡಿದ ವಿಂಗಡಣೆ. ರಾಷ್ಟ್ರ-ರಾಜ್ಯದ ಕಾಲ ಮುಗಿಯಿತು ಎನ್ನುವ ಅತಿಜಾಗತೀಕರಣವಾದಿಗಳು ಮೊದಲನೆಯವರು. ಜಪಾನಿನ ಕೆನಿಚಿ ಒಹಮಾಯೆ ಅವರ ಮುಂದಾಳು. ಏನೂ ಹೊಸದಾಗಿಲ್ಲ ಎನ್ನುವ ಸಂದೇಹವಾದಿಗಳು ಎರಡನೆಯವರು. ರಾಜ್ಯ ಸಾಯುತ್ತಿಲ್ಲ, ರೂಪಾಂತರಗೊಳ್ಳುತ್ತಿದೆ ಎನ್ನುವ ಪರಿವರ್ತನವಾದಿಗಳು ಮೂರನೆಯವರು. ಪುಸ್ತಕ ಬರೆದವರು ತಮ್ಮನ್ನು ಸೇರಿಸಿಕೊಂಡದ್ದು ಮೂರನೆಯ ಗುಂಪಿಗೆ. ಜನಪದ ಕಥೆಯಲ್ಲಿ ಮೂವರು ಮಕ್ಕಳಲ್ಲಿ ಕಿರಿಯವನೇ ರಾಜಕುಮಾರಿಯನ್ನು ಗೆದ್ದು ತರುವ ಹಾಗೆ, ಇಂಥ ವಿಂಗಡಣೆಗಳಲ್ಲಿ ವಿವೇಕ ಯಾವಾಗಲೂ ಮೂರನೆಯವನ ಪಾಲಿಗೇ ಬರುತ್ತದೆ. ಆ ಪುಸ್ತಕದ ಮಾಹಿತಿ ಅಪಾರ, ಶ್ರದ್ಧೆ ದೊಡ್ಡದು. ಆದರೆ ಮೂರೂ ಗುಂಪುಗಳ ನಡುವಿನ ಜಗಳ ಪ್ರಮಾಣಕ್ಕೆ ಸಂಬಂಧಿಸಿದ್ದು: ಜಾಗತೀಕರಣ ಎಷ್ಟಾಗಿದೆ? ಅದನ್ನು ಯಾರು, ಯಾವ ಸಭೆಯಲ್ಲಿ, ಯಾರ ಬೆಂಬಲದಿಂದ ಮಾಡಿದರು ಎಂಬುದು ಮೂವರಿಗೂ ಎರಡನೆಯ ದರ್ಜೆಯ ಪ್ರಶ್ನೆಯಾಗಿಯೇ ಉಳಿಯಿತು.

ಇದನ್ನು ಮೊದಲೇ ಗುರುತಿಸಿದವರಲ್ಲಿ ಬ್ರಿಟನ್ನಿನ ಜಸ್ಟಿನ್ ರೋಸೆನ್‌ಬರ್ಗ್ ಒಬ್ಬರು. 2000ದಲ್ಲಿ ಒಂದು ಪುಸ್ತಕದಲ್ಲಿ, 2005ರಲ್ಲಿ ಮರಣೋತ್ತರ ಪರೀಕ್ಷೆ ಎಂಬ ಧಾಟಿಯ ಪ್ರಬಂಧದಲ್ಲಿ ಅವರು ಹಿಡಿದ ತಪ್ಪು ಸರಳವಾದದ್ದು. ವಿವರಿಸಬೇಕಾದದ್ದನ್ನೇ ಇವರು ವಿವರಣೆ ಮಾಡಿಕೊಂಡಿದ್ದಾರೆ ಎಂದರು ಅವರು. ಬದಲಾವಣೆ ಏಕಾಯಿತು ಎಂದು ಕೇಳಿದರೆ ಜಾಗತೀಕರಣದಿಂದ. ಜಾಗತೀಕರಣ ಎಂದರೇನು ಎಂದರೆ ಆ ಬದಲಾವಣೆಯೇ. ಈ ವರ್ತುಲದೊಳಗೆ ಒಂದು ತಲೆಮಾರಿನ ಸಮಾಜಶಾಸ್ತ್ರ ಸುತ್ತಿತು. ರೋಸೆನ್‌ಬರ್ಗ್ ಅವರ ಗದ್ಯ ಕಠಿಣ. ಜಾಗತೀಕರಣ ಸಿದ್ಧಾಂತದ ಜಾಗದಲ್ಲಿ ಅವರು ಇಟ್ಟ ಸ್ವಂತ ಸಿದ್ಧಾಂತ ನನಗೆ ಅಷ್ಟಾಗಿ ಒಗ್ಗಿಲ್ಲ. ರೋಗನಿದಾನ ಮಾತ್ರ ಸರಿಯಾಗಿದೆ.

ಸಂದೇಹವಾದಿಗಳಿಗೆ ನ್ಯಾಯ ಸಲ್ಲಿಸಬೇಕು. ಪಾಲ್ ಹರ್ಸ್ಟ್ ಮತ್ತು ಗ್ರಹಾಂ ಥಾಂಪ್ಸನ್ 1996ರಲ್ಲಿ ಅಂಕಿಅಂಶ ಇಟ್ಟುಕೊಂಡು, 1914ಕ್ಕೆ ಮೊದಲಿನ ಜಗತ್ತು ಕೆಲವು ಲೆಕ್ಕಗಳಲ್ಲಿ 1990ರ ದಶಕದಷ್ಟೇ ಮುಕ್ತವಾಗಿತ್ತು ಎಂದು ತೋರಿಸಿದರು. ಆ ಮುಕ್ತತೆ ಒಂದು ಮಹಾಯುದ್ಧದಲ್ಲಿ ಕುಸಿದದ್ದು ಎಲ್ಲರಿಗೂ ಗೊತ್ತು. ಅಂದರೆ ಇದು ಹಿಂದಿರುಗಬಲ್ಲದ್ದು. ಇನ್ನೂ ತೀಕ್ಷ್ಣವಾದದ್ದು ಡ್ಯಾನಿ ರಾಡ್ರಿಕ್ ಅವರ ಕೆಲಸ. ವ್ಯಾಪಾರಕ್ಕೆ ಹೆಚ್ಚು ತೆರೆದುಕೊಂಡ ದೇಶಗಳಲ್ಲಿ ಸರ್ಕಾರದ ಖರ್ಚು ಕಡಿಮೆಯಾಗಬೇಕು ಎಂಬುದು ಆ ಕಾಲದ ನಂಬಿಕೆ. ರಾಡ್ರಿಕ್ ಕಂಡದ್ದು ತದ್ವಿರುದ್ಧ: ತೆರೆದ ಆರ್ಥಿಕತೆಗಳಲ್ಲೇ ಸರ್ಕಾರಗಳು ದೊಡ್ಡವು. ಶ್ರೀಮಂತ ದೇಶಗಳ ಬಗ್ಗೆ ಡೇವಿಡ್ ಕ್ಯಾಮರಾನ್ ಎಂಬ ರಾಜ್ಯಶಾಸ್ತ್ರಜ್ಞ 1978ರಲ್ಲೇ ಇದನ್ನು ಹೇಳಿದ್ದರು. ಹೊರಗಿನ ಗಾಳಿಗೆ ಬಾಗಿಲು ತೆರೆಯಲು ಜನ ಒಪ್ಪಿದ್ದು, ಒಳಗೆ ಪಿಂಚಣಿ, ನಿರುದ್ಯೋಗ ಭತ್ಯೆ, ಆಸ್ಪತ್ರೆ ಇದ್ದುದರಿಂದ. ಅದೊಂದು ರಾಜಕೀಯ ಕರಾರು. 1997ರಲ್ಲಿ ಜಾಗತೀಕರಣ ಮಿತಿ ಮೀರಿತೇ ಎಂದು ಕೇಳಿದ ರಾಡ್ರಿಕ್, ಈ ಕರಾರು ಮುರಿದರೆ ಏನಾದೀತೆಂದು ಎಚ್ಚರಿಸಿದರು. ಓದಿದವರು ಬಹಳ, ಕಿವಿಗೊಟ್ಟವರು ಕಡಿಮೆ.

ಮಾರ್ಕ್ಸ್‌ವಾದಿ ಕವಲಿನ ಬಗ್ಗೆ ಚುಟುಕಾಗಿ ಹೇಳಬಹುದು. ಇಮ್ಯಾನುಯೆಲ್ ವಾಲರ್‌ಸ್ಟೈನ್ 1974ರಿಂದ ಬರೆದ ಜಗತ್-ವ್ಯವಸ್ಥೆಯ ಸಂಪುಟಗಳಿಗೆ ಐದು ಶತಮಾನಗಳ ಹರಹು ಇದೆ. ಹಾಗಾಗಿ ಅವರಿಗೆ 1990ರ ದಶಕ ಹೊಸತೆನಿಸಲಿಲ್ಲ. ಆದರೆ ಕೇಂದ್ರ ಮತ್ತು ಅಂಚು ಎಂಬ ಸ್ಥಾನಗಳೇ ಎಲ್ಲವನ್ನೂ ನಿರ್ಧರಿಸುವ ಈ ವ್ಯವಸ್ಥೆಯಲ್ಲೂ ರಾಜಕಾರಣ ನೆರಳಿನಂತೆ ಹಿಂಬಾಲಿಸುತ್ತದೆ. ಹಾರ್ಟ್ ಮತ್ತು ನೆಗ್ರಿ 2000ದಲ್ಲಿ ತಂದ ‘ಎಂಪೈರ್’ ಇದನ್ನು ಇನ್ನೂ ಮುಂದೆ ಒಯ್ದು, ಅಧಿಕಾರಕ್ಕೆ ಕೇಂದ್ರವೇ ಇಲ್ಲವೆಂದಿತು. ಮೂರೇ ವರ್ಷದಲ್ಲಿ ಅಮೆರಿಕದ ಸೇನೆ ಇರಾಕಿಗೆ ನುಗ್ಗಿದಾಗ ಆ ವಾದಕ್ಕೆ ಉಸಿರು ಕಟ್ಟಿತು.

ಅರ್ಜುನ್ ಅಪ್ಪಾದುರೈ ಬೇರೆಯೇ ತೂಕದವರು. ಜನ, ಹಣ, ಯಂತ್ರ, ಚಿತ್ರ, ವಿಚಾರ ಈ ಐದೂ ಬೇರೆಬೇರೆ ವೇಗದಲ್ಲಿ, ಬೇರೆಬೇರೆ ದಿಕ್ಕಿನಲ್ಲಿ ಹರಿಯುತ್ತವೆ, ಒಂದಕ್ಕೊಂದು ಕೂಡಿಬರುವುದಿಲ್ಲ ಎಂಬ 1990ರ ಅವರ ಪ್ರಬಂಧ ಸಂಸ್ಕೃತಿ ಅಧ್ಯಯನದ ಮುಖವನ್ನೇ ತಿರುಗಿಸಿತು. ಹಣ ದಾಟುವ ಗಡಿಯನ್ನು ಕೂಲಿಯವನು ದಾಟಲಾಗದು ಎಂಬ ಸತ್ಯಕ್ಕೆ ಅದರಲ್ಲಿ ಜಾಗವಿತ್ತು. 1996ರ ಪುಸ್ತಕದಲ್ಲಿ ರಾಷ್ಟ್ರ-ರಾಜ್ಯದ ಕೊನೆಗಾಲ ಬಂದಂತೆ ಕಂಡಿದ್ದ ಅವರಿಗೆ, ಹತ್ತು ವರ್ಷದ ಮೇಲೆ ಬೇರೊಂದು ಪುಸ್ತಕ ಬರೆಯಬೇಕಾಯಿತು. ಜಾಗತೀಕರಣದ ಅನಿಶ್ಚಿತತೆಯೇ ಅಲ್ಪಸಂಖ್ಯಾತರ ಮೇಲಿನ ಹಿಂಸೆಗೆ ಹೇಗೆ ಇಂಧನವಾಗುತ್ತದೆ ಎಂಬುದು ಅದರ ವಿಷಯ. ತಮ್ಮ ಸಿದ್ಧಾಂತವನ್ನು ತಾವೇ ತಿದ್ದಿಕೊಳ್ಳಲು ಸಿದ್ಧರಿದ್ದವರು ಈ ಪರಂಪರೆಯಲ್ಲಿ ಕಡಿಮೆ.

ಇನ್ನು ಹಿತಾಸಕ್ತಿಗಳ ಗಣಿತದಿಂದ ರಾಜಕಾರಣವನ್ನು ಊಹಿಸುವ ಅಮೆರಿಕದ ಕವಲು. 1989ರಲ್ಲಿ ರೊನಾಲ್ಡ್ ರೊಗೋವ್‌ಸ್ಕಿ ಇದಕ್ಕೆ ಅಚ್ಚುಕಟ್ಟಾದ ರೂಪ ಕೊಟ್ಟರು. ಒಂದು ದೇಶದಲ್ಲಿ ಯಾವುದು ಹೇರಳವಾಗಿದೆಯೋ ಅದರ ಒಡೆಯರು ಮುಕ್ತ ವ್ಯಾಪಾರದ ಪರ, ಯಾವುದು ವಿರಳವೋ ಅದರ ಒಡೆಯರು ವಿರೋಧ. ಭಾರತದಲ್ಲಿ ದುಡಿಯುವ ಕೈ ಹೇರಳ, ಭೂಮಿ ಮತ್ತು ಬಂಡವಾಳ ವಿರಳ. ಹಾಗಾದರೆ ಭೂಮಿಯುಳ್ಳ ರೈತ ವಿರೋಧಿಸಬೇಕು. ಈ ಸೂತ್ರವನ್ನು ಪರೀಕ್ಷಿಸಲು 1990ರ ದಶಕದ ಆರಂಭದ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಗಿಂತ ಒಳ್ಳೆಯ ಜಾಗ ಸಿಗದು.

ವಿಶ್ವ ವ್ಯಾಪಾರದ ನಿಯಮಗಳನ್ನು ನೋಡಿಕೊಳ್ಳುತ್ತಿದ್ದ ಗ್ಯಾಟ್ ಸಂಸ್ಥೆಯ ಮಹಾನಿರ್ದೇಶಕ ಆರ್ಥರ್ ಡಂಕೆಲ್ ಹೊಸ ವ್ಯಾಪಾರ ಒಪ್ಪಂದದ ತಮ್ಮ ಕರಡನ್ನು ಮುಂದಿಟ್ಟದ್ದು 1991ರ ಡಿಸೆಂಬರಿನಲ್ಲಿ. ಅಲ್ಲಿಂದ ಕೆಲವು ವರ್ಷ ನಮ್ಮ ಹಳ್ಳಿಗಳಲ್ಲಿ ‘ಡಂಕೆಲ್’ ಎಂಬುದು ಒಬ್ಬ ಮನುಷ್ಯನ ಹೆಸರಾಗಿ ಉಳಿಯಲಿಲ್ಲ, ಒಂದು ಪಿಡುಗಿನ ಹೆಸರಾಯಿತು. ಹಸಿರು ಶಾಲಿನ ರೈತ ಸಂಘದವರ ಸಭೆಗಳಲ್ಲಿ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ ಪೇಟೆಂಟ್ ಕಾನೂನು ಬಿಡಿಸಿ ಹೇಳುತ್ತಿದ್ದರು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ರೈತರು ಕಡತಗಳನ್ನು ಹೊರಗೆಸೆದು ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿ ಕಟ್ಟುತ್ತಿದ್ದ ಬೀಜ ಘಟಕವನ್ನು ಕೆಡವಿದರು. 1996ರ ಜನವರಿಯಲ್ಲಿ ಬೆಂಗಳೂರಿನ ಕೆಂಟಕಿ ಕೋಳಿ ಅಂಗಡಿಯ ಸರದಿ. ಸಿಯಾಟಲ್ ಬೀದಿಗಳಿಂದ ಜಾಗತೀಕರಣ ವಿರೋಧಿ ಚಳವಳಿ ಹುಟ್ಟಿತೆಂದು ಬರೆಯುವ ಪಠ್ಯಗಳು ಈ ಏಳು ವರ್ಷಗಳನ್ನು ನುಂಗಿಹಾಕುತ್ತವೆ. ಮಾನವಶಾಸ್ತ್ರಜ್ಞ ಅಖಿಲ್ ಗುಪ್ತ 1998ರ ತಮ್ಮ ಪುಸ್ತಕದಲ್ಲಿ ಇದನ್ನು ಗಂಭೀರವಾಗಿ ಚರ್ಚಿಸಿದ್ದು ಒಳ್ಳೆಯ ಅಪವಾದ. ನಮ್ಮ ಮುಜಫರ್ ಅಸಾದಿ ಅದಕ್ಕೂ ಮೊದಲೇ ಕರ್ನಾಟಕದ ರೈತ ಚಳವಳಿಯನ್ನು ಅಧ್ಯಯನಕ್ಕೆ ಎತ್ತಿಕೊಂಡಿದ್ದರು. ಯಾವ ರೈತರು ಈ ಚಳವಳಿಯ ಬೆನ್ನೆಲುಬು, ಯಾರು ಅದರ ಹೊರಗುಳಿದರು ಎಂಬ ಪ್ರಶ್ನೆಯನ್ನು ಅವರು ಮರೆಮಾಚಲಿಲ್ಲ.

ಇಷ್ಟರವರೆಗೆ ರೊಗೋವ್‌ಸ್ಕಿಯ ಸೂತ್ರ ಗೆದ್ದಂತೆ ಕಾಣುತ್ತದೆ. ಆದರೆ ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಶೇತಕರಿ ಸಂಘಟನೆಯ ಶರದ್ ಜೋಶಿ ಇದ್ದಾರೆ. ಅವರೂ 1980ರ ದಶಕದ ಬೆಲೆ ಹೋರಾಟದಿಂದಲೇ ಬಂದವರು, ಅವರ ಹಿಂದೆಯೂ ಭೂಮಿಯುಳ್ಳ ರೈತರೇ. ಅವರು ಡಂಕೆಲ್ ಕರಡನ್ನು ಸ್ವಾಗತಿಸಿದರು. ರಫ್ತು ನಿಷೇಧದಿಂದ, ಕಡ್ಡಾಯ ಖರೀದಿಯಿಂದ ರೈತನನ್ನು ಸುಲಿಯುತ್ತಿರುವುದು ದೆಹಲಿ ಸರ್ಕಾರವೇ; ಮಾರುಕಟ್ಟೆ ತೆರೆದರೆ ಸುಲಿಗೆ ನಿಲ್ಲುತ್ತದೆ ಎಂಬುದು ಅವರ ವಾದ. ಇನ್ನು ಕೊಡಗು, ಚಿಕ್ಕಮಗಳೂರುಗಳಿಗೆ ಬನ್ನಿ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ 1989ರಲ್ಲಿ ಕುಸಿದ ಮೇಲೆ, ಕಾಫಿ ಮಂಡಳಿಯೇ ಬೆಳೆ ಕೂಡಿಹಾಕಿ ಮಾರುವ ಪೂಲಿಂಗ್ ಸಾಕು, ನಮ್ಮ ಕಾಫಿ ನಾವೇ ಮಾರುತ್ತೇವೆ ಎಂದು ಹಟ ಹಿಡಿದವರು ಬೆಳೆಗಾರರು. 1992ರಿಂದ 1996ರೊಳಗೆ ಹಂತಹಂತವಾಗಿ ಪೂಲಿಂಗ್ ಹೋಯಿತು. ಒಂದೇ ರಾಜ್ಯ, ಒಂದೇ ದಶಕ. ಬಯಲುಸೀಮೆಯಲ್ಲಿ ಗ್ಯಾಟ್‌ಗೆ ಬೆಂಕಿ, ಮಲೆನಾಡಿನಲ್ಲಿ ಮುಕ್ತ ಮಾರುಕಟ್ಟೆಗೆ ಹೋರಾಟ.

ಕಾಫಿಯದನ್ನು ರಫ್ತು ಬೆಳೆಯೆಂಬ ಕಾರಣ ಕೊಟ್ಟು ಗಣಿತದೊಳಗೆ ತೂರಿಸಬಹುದು. ಜೋಶಿ ಮತ್ತು ನಂಜುಂಡಸ್ವಾಮಿಯವರ ವ್ಯತ್ಯಾಸವನ್ನು ತೂರಿಸಲಾಗದು. ಅದಕ್ಕೆ ಇತಿಹಾಸ ಬೇಕು. ನಂಜುಂಡಸ್ವಾಮಿ ಲೋಹಿಯಾವಾದದ ಗರಡಿಯಲ್ಲಿ ಬೆಳೆದವರು. 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ ಇಲ್ಲಿ ಬಿಟ್ಟುಹೋದ ಸಮಾಜವಾದಿ ಧಾರೆಯಲ್ಲಿ ಗೇಣಿದಾರ, ಭಾಷೆ, ಸ್ವದೇಶಿ, ಪಶ್ಚಿಮದ ಯಜಮಾನಿಕೆ ಎಲ್ಲ ಒಂದೇ ಮಾತಿನ ಭಾಗಗಳಾಗಿದ್ದವು. ಜೋಶಿ ಅಂಚೆ ಇಲಾಖೆಯ ಅಧಿಕಾರಿಯಾಗಿ, ಸ್ವಿಟ್ಜರ್‌ಲೆಂಡಿನ ಅಂತರರಾಷ್ಟ್ರೀಯ ಅಂಚೆ ಸಂಸ್ಥೆಯಲ್ಲಿ ದುಡಿದು, ಸರ್ಕಾರಿ ಯೋಜನೆಗಳ ಮೇಲೆ ನಂಬಿಕೆ ಕಳೆದುಕೊಂಡು ಹಿಂದಿರುಗಿದವರು. ಜಿನೀವಾದ ಗ್ಯಾಟ್ ಕಚೇರಿಯಿಂದ ಬಂದದ್ದು ಒಂದೇ ಕಾಗದ. ಅದನ್ನು ಓದಿದ ರಾಜಕೀಯ ಪರಂಪರೆಗಳು ಎರಡು. ರೈತ ಏನನ್ನು ತನ್ನ ಹಿತವೆಂದು ಬಗೆಯುತ್ತಾನೆ ಎಂಬುದೇ ರಾಜಕಾರಣದಿಂದ ತೀರ್ಮಾನವಾಗುವಾಗ, ಹಿತಾಸಕ್ತಿಯಿಂದ ರಾಜಕಾರಣವನ್ನು ಹೊರಡಿಸುವ ಸೂತ್ರ ತಲೆಕೆಳಗಾಗಿ ನಿಲ್ಲುತ್ತದೆ.

ಮುಂದೇನಾಯಿತು ಎಂಬುದೂ ಮುಖ್ಯ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಘಟನೆ ಬಂತು, ಭಾರತ ಅದರ ಸದಸ್ಯನಾಯಿತು. ಬೌದ್ಧಿಕ ಸ್ವಾಮ್ಯದ ಒಪ್ಪಂದ ಸಸ್ಯ ತಳಿಗಳಿಗೆ ಪೇಟೆಂಟ್ ಇಲ್ಲವೇ ಬೇರೊಂದು ಪರಿಣಾಮಕಾರಿ ರಕ್ಷಣೆ ಬೇಕೆಂದಿತು. ಆ ‘ಇಲ್ಲವೇ’ಯೊಳಗೆ ಭಾರತ 2001ರಲ್ಲಿ ತನ್ನದೇ ಕಾಯಿದೆ ಕಟ್ಟಿತು. ಅದರ 39ನೆಯ ಸೆಕ್ಷನ್ ಪ್ರಕಾರ ರೈತ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಬ್ರಾಂಡ್ ಹೆಸರಿಲ್ಲದೆ ಮಾರಲೂಬಹುದು. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಮೊಕದ್ದಮೆ ಹೂಡಿ, ವಿರೋಧ ಎದ್ದಾಗ ಹಿಂತೆಗೆದುಕೊಂಡಿತು. ರೈತರ ಪರ ವಾದಕ್ಕೆ ಆಧಾರವಾದದ್ದು ಇದೇ ಸೆಕ್ಷನ್. ಒಂದು ದಶಕದ ಬೀದಿ ಹೋರಾಟ ಇಲ್ಲದೆ ಇಂಥ ಸೆಕ್ಷನ್ ಹುಟ್ಟುತ್ತಿತ್ತೆಂದು ನನಗನ್ನಿಸುವುದಿಲ್ಲ.

ಹಾಗೆಂದು ಚಳವಳಿಯ ಕಥೆಯನ್ನು ವೀರಗಾಥೆ ಮಾಡುವುದೂ ಬೇಡ. 1998ರ ಕೊನೆಯಲ್ಲಿ ರಾಯಚೂರು ಜಿಲ್ಲೆಯಲ್ಲಿ ಚಳವಳಿಗಾರರು ಕುಲಾಂತರಿ ಬಿಟಿ ಹತ್ತಿಯ ಪ್ರಯೋಗದ ತಾಕುಗಳನ್ನು ಸುಟ್ಟರು. 2001ರಲ್ಲಿ ಗುಜರಾತಿನಲ್ಲಿ ಅನುಮತಿಯಿಲ್ಲದ ಬಿಟಿ ಬೀಜ ಸಾವಿರಾರು ಎಕರೆಯಲ್ಲಿ ಬೆಳೆದದ್ದು ಬಯಲಾಯಿತು. ಆಮೇಲೂ ರೈತರು ಅದನ್ನು ಕೈಯಿಂದ ಕೈಗೆ ದಾಟಿಸಿದರು. 2002ರಲ್ಲಿ ಸರ್ಕಾರದ ಒಪ್ಪಿಗೆ ಬಂತು, ಮುಂದಿನ ದಶಕದಲ್ಲಿ ದೇಶದ ಹತ್ತಿ ಹೊಲಗಳಲ್ಲಿ ಬಹುಪಾಲು ಬಿಟಿಯಾಯಿತು. ಈ ಕಳ್ಳಬೀಜಗಳ ಜಾಲವನ್ನು ಹಿಂಬಾಲಿಸಿದ ರೊನಾಲ್ಡ್ ಹೆರಿಂಗ್, ರೈತರ ಹೆಸರಿನಲ್ಲಿ ಮಾತಾಡುವವರಿಗೂ ರೈತರಿಗೂ ಇರುವ ಅಂತರವನ್ನು ಎತ್ತಿ ತೋರಿಸಿದರು. ಅದು ಚಳವಳಿಗಾರರಿಗೆ ಹಿತವಾದ ಮಾತಲ್ಲ. ಆದರೂ ಕೇಳಬೇಕಾದ ಮಾತು. ಕಾನೂನಿನಲ್ಲಿ ಗೆಲುವು, ಹೊಲದಲ್ಲಿ ಸೋಲು: ಎರಡನ್ನೂ ನಿರ್ಧರಿಸಿದ್ದು ಈ ನೆಲದ ಸಂಘರ್ಷಗಳು.

ಇನ್ನೊಂದು ಪ್ರಕರಣ ನೋಡಿ. ಗಡಿ ದಾಟಿದ ಹೋರಾಟಗಳ ಬಗ್ಗೆ ಮಾರ್ಗರೆಟ್ ಕೆಕ್ ಮತ್ತು ಕ್ಯಾಥರಿನ್ ಸಿಕಿಂಕ್ 1998ರಲ್ಲಿ ಕೊಟ್ಟ ಸಿದ್ಧಾಂತ ಪ್ರಸಿದ್ಧ. ತಮ್ಮ ಸರ್ಕಾರ ಕಿವುಡಾದಾಗ ಜನ ಹೊರಗಿನ ಸಂಘಟನೆಗಳ ಮೊರೆಹೋಗುತ್ತಾರೆ, ಒತ್ತಡ ಹೊರಗಿನಿಂದ ತಿರುಗಿ ಬರುತ್ತದೆ ಎಂಬುದು ಅದರ ತಿರುಳು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗಿಂತ ಇದಕ್ಕೆ ತಕ್ಕವರು ಯಾರು? ಅವರು ಹೊಲಿಯುವ ಅಂಗಿ ಯುರೋಪು, ಅಮೆರಿಕದ ಅಂಗಡಿಗೆ ಹೋಗುತ್ತದೆ. ದೊಡ್ಡ ಬ್ರಾಂಡುಗಳ ಹೆಸರು ಕೆಡಿಸುವುದು ಸುಲಭ. ಆದರೆ 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆ ತಡೆದು ಕುಳಿತಾಗ ಅವರ ಬಾಯಲ್ಲಿ ಯಾವ ಬ್ರಾಂಡಿನ ಹೆಸರೂ ಮೊದಲು ಬರಲಿಲ್ಲ. ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಬೀದಿಗೆ ತಂದಿತ್ತು. ದೊಡ್ಡ ಕಾರ್ಮಿಕ ಸಂಘಗಳ ಕರೆಗೂ ಅವರು ಕಾದಿರಲಿಲ್ಲ. 19ರಂದೇ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಜಾಗತಿಕ ಸರಪಳಿಯ ಕಟ್ಟಕಡೆಯ ಕೊಂಡಿಯಲ್ಲಿದ್ದವರು ತಮ್ಮ ಅಳಲು ಯಾರಿಗೆ ಮುಟ್ಟಬೇಕೆಂದು ಗುರುತಿಸಿದ್ದು ದೆಹಲಿಯನ್ನು. ತೋಡಿಕೊಂಡದ್ದು ತಮ್ಮ ಸರ್ಕಾರದ ಹತ್ತಿರ, ಕೇಳಿದ್ದು ತಮ್ಮ ಹಣ. ಸಿದ್ಧಾಂತಕ್ಕಿಂತ ಅವರ ಅಂದಾಜು ಖಚಿತವಾಗಿತ್ತು.

ಬೆಂಗಳೂರಿನ ಮಾತು ಬಂದಾಗ ಸಮಾಜಶಾಸ್ತ್ರಜ್ಞ ಕ್ಯಾಸ್ಟೆಲ್ಸ್ ಅವರ ಜಾಲಸಮಾಜ, ಜಾಗತಿಕ ನಗರ ಎಂಬ ಪರಿಕಲ್ಪನೆಗಳು ತಾವಾಗಿ ನಾಲಿಗೆಗೆ ಬರುತ್ತವೆ. ಆದರೆ ಭಾರತೀಯ ವಿಜ್ಞಾನ ಸಂಸ್ಥೆ, ಎಚ್ಎಎಲ್, ಐಟಿಐ, ಬಿಇಎಲ್ ಇಲ್ಲದೆ, 1991ರಲ್ಲಿ ಸರ್ಕಾರ ಹುಟ್ಟುಹಾಕಿದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ಇಲ್ಲದೆ ಈ ಜಾಲ ಇಲ್ಲಿಗೆ ಬರುತ್ತಿರಲಿಲ್ಲ. ಮೈಕೆಲ್ ಗೋಲ್ಡ್‌ಮನ್ 2011ರಲ್ಲಿ ಬರೆದ ಪ್ರಬಂಧ ಇನ್ನೂ ಒಳಗೆ ಹೋಗುತ್ತದೆ. ವಿಶ್ವದರ್ಜೆಯ ನಗರದ ಹೆಸರಿನಲ್ಲಿ ಸರ್ಕಾರವೇ ಭೂಮಿಯ ಸಟ್ಟಾವ್ಯಾಪಾರಿಯಾದದ್ದನ್ನು, ನಗರದಂಚಿನ ರೈತರ ಹೊಲ ಆ ಆಟದ ಪಣವಾದದ್ದನ್ನು ಅವರು ಬಿಡಿಸಿಟ್ಟರು. ಜಾನಕಿ ನಾಯರ್ ಅವರ ಬೆಂಗಳೂರು ಅಧ್ಯಯನ ಇದಕ್ಕೆ ಒಂದು ಶತಮಾನದ ಆಳ ಕೊಡುತ್ತದೆ. ಇಂಥ ಕೆಲಸದಲ್ಲಿ ಕರ್ತೃಪದ ತಪ್ಪದೆ ಸಿಗುತ್ತದೆ.

ಅದಿಲ್ಲದ ಓದು ಎಷ್ಟು ಎಡವಬಹುದೆಂಬುದಕ್ಕೆ 2004ರ ವಿಧಾನಸಭಾ ಚುನಾವಣೆ ಸಾಕ್ಷಿ. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅಧಿಕಾರ ಕಳೆದುಕೊಂಡರು, ಪಕ್ಕದ ಆಂಧ್ರದಲ್ಲಿ ಚಂದ್ರಬಾಬು ನಾಯ್ಡು ಅಧಿಕಾರ ಕಳೆದುಕೊಂಡರು. ಹೈಟೆಕ್ ನಗರದ ವಿರುದ್ಧ ಹಳ್ಳಿ ಮತ ಹಾಕಿತು ಎಂಬ ವಿಶ್ಲೇಷಣೆ ಮರುದಿನವೇ ಸಿದ್ಧವಾಗಿತ್ತು. ಕೇಳಲು ಚೆಂದ. ಕಾಂಗ್ರೆಸ್ 132ರಿಂದ 65 ಸ್ಥಾನಕ್ಕೆ ಇಳಿದದ್ದು ನಿಜ. ಆದರೆ ಅತಿ ಹೆಚ್ಚು ಮತಪಾಲು ಆಗಲೂ ಅದರದೇ. 79 ಸ್ಥಾನ ಗೆದ್ದು ಮೊದಲಿಗೆ ಬಂದ ಬಿಜೆಪಿಗೆ ಉದಾರೀಕರಣದ ಬಗ್ಗೆ ತಕರಾರೇ ಇರಲಿಲ್ಲ. ಕೇಂದ್ರದಲ್ಲಿ ಆ ನೀತಿಯನ್ನು ಆರು ವರ್ಷ ನಡೆಸಿದ ಪಕ್ಷ ಅದು. ಸತತ ಬರ, ಜಾತಿ ಸಮೀಕರಣ, ಜನತಾ ಪರಿವಾರದ ಒಡಕು, ಕರಾವಳಿಯಲ್ಲಿ ಬೆಳೆದಿದ್ದ ಸಂಘಟನೆ ಇವನ್ನೆಲ್ಲ ಒಂದು ಜಾಗತಿಕ ಕಥೆಯೊಳಗೆ ಅದುಮಿಟ್ಟರೆ ಆಗುವುದು ಹೀಗೆ.

ಭಾರತದ ಸಂದರ್ಭದಲ್ಲಿ ನನಗೆ ಹೆಚ್ಚು ಬೆಳಕು ಕೊಟ್ಟವರು ಇಬ್ಬರು. 1991ರ ಸುಧಾರಣೆಗಳು ಬಚಾವಾದದ್ದೇ ಜನರಾಜಕಾರಣದ ಗಮನ ಮಂಡಲ್ ಮತ್ತು ಮಂದಿರದ ಮೇಲೆ ಇದ್ದುದರಿಂದ ಎಂದವರು ಅಶುತೋಷ್ ವಾರ್ಷ್ಣೇಯ. 1996ರ ದೊಡ್ಡ ಮತದಾರ ಸಮೀಕ್ಷೆಯಲ್ಲಿ ಆರ್ಥಿಕ ಸುಧಾರಣೆಗಳ ಬಗ್ಗೆ ಕೇಳಿದ್ದೇವೆಂದವರು ಶೇ. 19 ಮಾತ್ರ, ಬಾಬರಿ ಮಸೀದಿ ಧ್ವಂಸದ ಬಗ್ಗೆ ಗೊತ್ತಿದ್ದವರು ಮುಕ್ಕಾಲು ಪಾಲು. ರಾಬ್ ಜೆಂಕಿನ್ಸ್ 1999ರಲ್ಲಿ ಹೇಳಿದ್ದು ಇದರ ಇನ್ನೊಂದು ಮಗ್ಗುಲು: ಸುಧಾರಣೆಗಳನ್ನು ದಡ ಸೇರಿಸಿದ್ದು ಹಳೆಯ ರಾಜಕಾರಣದ ಚಾಲಾಕಿತನ, ಗುಟ್ಟಾಗಿ ಮಾಡಿ ಗದ್ದಲವಿಲ್ಲದೆ ಮುಗಿಸುವ ಕಲೆ. ಇಬ್ಬರ ವಾದದಲ್ಲೂ ಜಾಗತೀಕರಣ ರಾಜಕಾರಣದ ಕೈಕೆಲಸ. ವಾರ್ಷ್ಣೇಯರ ಅಂಕಿ ಓದುವಾಗ ಒಂದು ಕೊಂಕು ತೆಗೆಯಬೇಕೆನ್ನಿಸುತ್ತದೆ: ಇಡೀ ದೇಶದ ಸರಾಸರಿಯಲ್ಲಿ, ಡಂಕೆಲ್ ಹೆಸರು ಹಿಡಿದು ಬೈಯುತ್ತಿದ್ದ ಕರ್ನಾಟಕದ ಹಳ್ಳಿಗಳು ಕರಗಿಹೋಗಿವೆ.

2016ರ ನಂತರ ಬಂದ ಸಾಹಿತ್ಯ ಇನ್ನೊಂದು ಅಲೆ. ಆರ್ಥಿಕ ವಿವರಣೆಯಲ್ಲಿ ಗಟ್ಟಿಯಾದದ್ದು ಡೇವಿಡ್ ಆಟರ್ ಮತ್ತು ಸಂಗಡಿಗರದು. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಘಟನೆ ಸೇರಿದ ಮೇಲೆ ಅಮೆರಿಕದ ಯಾವ ಊರುಗಳು ಕೆಲಸ ಕಳೆದುಕೊಂಡವು, ಅಲ್ಲಿ ಮತ ಹೇಗೆ ತೀವ್ರವಾದದ ಕಡೆಗೆ ವಾಲಿತು ಎಂಬುದನ್ನು ಅವರು ಊರೂರಿನ ಲೆಕ್ಕದಲ್ಲಿ ತೋರಿಸಿದರು. ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ 2019ರಲ್ಲಿ ಇದು ಹೊಟ್ಟೆಪಾಡಿಗಿಂತ ಮೌಲ್ಯಗಳ ತಿಕ್ಕಾಟ ಎಂದರು. ಎರಡೂ ಬಣಗಳು ಒಪ್ಪುವ ಒಂದು ವಿಷಯವಿದೆ: ಸಿಟ್ಟಿನ ರಾಷ್ಟ್ರೀಯವಾದ ಕಳೆದುಕೊಂಡವರದು. ಭಾರತವನ್ನು ಎದುರಿಗಿಟ್ಟರೆ ಈ ಒಮ್ಮತ ಕುಸಿಯುತ್ತದೆ. ಬ್ರಾಂಕೊ ಮಿಲನೋವಿಚ್ ಮತ್ತು ಕ್ರಿಸ್ಟೋಫ್ ಲಾಕ್ನರ್ ಎಳೆದ ಪ್ರಸಿದ್ಧ ಆನೆಯಾಕಾರದ ನಕ್ಷೆಯಲ್ಲಿ, 1988ರಿಂದ 2008ರವರೆಗೆ ಹೆಚ್ಚು ಗಳಿಸಿದವರು ಏಷ್ಯಾದ ಮಧ್ಯಮ ಸ್ತರದವರು ಮತ್ತು ಜಗತ್ತಿನ ಅತಿ ಶ್ರೀಮಂತರು. ನಮ್ಮಲ್ಲಿ ಬಹುಸಂಖ್ಯಾತ ರಾಷ್ಟ್ರೀಯವಾದದ ಮೊದಲ ಆಧಾರ ಮೇಲ್ಜಾತಿಯ, ಓದಿದ, ಪಟ್ಟಣದ, ಹೊರದೇಶದಲ್ಲಿ ನೆಂಟರಿರುವ ಸ್ತರ, ಅಂದರೆ ಗೆದ್ದವರು. ಅದು ಕೆಳಗಿಳಿದು ಹರಡಿದ್ದು ಆಮೇಲೆ. ಅಮೆರಿಕದ ತುಕ್ಕು ಹಿಡಿದ ಕಾರ್ಖಾನೆ ಊರುಗಳಿಂದ ಕಟ್ಟಿದ ಸಿದ್ಧಾಂತವನ್ನು ಜಗತ್ತಿಗೆಲ್ಲ ಹೊದಿಸುವುದು ಈ ಪರಂಪರೆಯ ಹಳೆಯ ಚಾಳಿ.

ರಾಜಕಾರಣವೇ ಕರ್ತೃ ಎಂದರೆ ಸರ್ಕಾರಗಳು ಸ್ವತಂತ್ರ ಎಂದರ್ಥವಲ್ಲ. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ನಮ್ಮ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಸಿಡಿದರು, ಆಂಧ್ರದ ಸಚಿವರೊಬ್ಬರು ಬನ್ನಿ ನಮ್ಮಲ್ಲಿಗೆ ಎಂದು ಬಹಿರಂಗವಾಗಿ ಕರೆದರು, ಎರಡು ಮೂರು ದಿನದಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಚಾರ್ಲ್ಸ್ ಲಿಂಡ್‌ಬ್ಲೋಮ್ 1982ರಲ್ಲಿ ಮಾರುಕಟ್ಟೆಯನ್ನು ಸೆರೆಮನೆ ಎಂದು ಕರೆದದ್ದು ಇದಕ್ಕೇ. ಹೊರಡುತ್ತೇವೆ ಎಂಬ ಬೆದರಿಕೆ ಸಾಕು, ಹೊರಡಬೇಕಿಲ್ಲ. ಆದರೆ ಗಮನಿಸಿ: ಬೆದರಿಕೆಗೆ ಬಲ ಕೊಟ್ಟದ್ದು ಸಿಂಗಪುರವಲ್ಲ, ಪಕ್ಕದ ರಾಜ್ಯ. ಒಂದೇ ಸಂವಿಧಾನದ ಕೆಳಗಿನ ರಾಜ್ಯಗಳು ಬಂಡವಾಳಕ್ಕಾಗಿ ಕಿತ್ತಾಡುವ ವ್ಯವಸ್ಥೆಯನ್ನು ಕಟ್ಟಿದ್ದು ನಾವೇ.

ಹಾಗಾದರೆ ಈ ದೊಡ್ಡ ಗ್ರಂಥರಾಶಿಯಲ್ಲಿ ಉಳಿಯುವುದೇನು? ಕಾರ್ಲ್ ಪೊಲಾನಿ ಉಳಿಯುತ್ತಾರೆ. ಮುಕ್ತ ಮಾರುಕಟ್ಟೆ ತಾನಾಗಿ ಬೆಳೆದದ್ದಲ್ಲ, ರಾಜ್ಯ ಬೆವರು ಸುರಿಸಿ ಕಟ್ಟಿದ್ದು ಎಂದು ಅವರು 1944ರಲ್ಲೇ ಬರೆದಿದ್ದರು. ಸಮಾಜದ ಮರುಹೋರಾಟ ಫ್ಯಾಸಿಸಂನ ರೂಪದಲ್ಲೂ ಬರಬಹುದೆಂದು ಎಚ್ಚರಿಸಿದ್ದರು. ಕ್ವಿನ್ ಸ್ಲೊಬೊಡಿಯನ್ 2018ರ ಪುಸ್ತಕದಲ್ಲಿ ಆ ಕಟ್ಟೋಣದ ಮೇಸ್ತ್ರಿಗಳ ಹೆಸರು, ವಿಳಾಸ, ಸಭೆಗಳ ವಿವರ ಸಮೇತ ಕೊಟ್ಟರು. ವಿಯೆನ್ನಾ ಮತ್ತು ಜಿನೀವಾದ ನವ ಉದಾರವಾದಿಗಳಿಗೆ ಬೇಕಿದ್ದದ್ದು ರಾಜ್ಯದ ನಾಶವಲ್ಲ. ಮಾರುಕಟ್ಟೆಯನ್ನು ಮತದಾರರ ಕೈಗೆ ಸಿಗದಂತೆ ಕಾನೂನಿನ ಕವಚದಲ್ಲಿ ಇಡುವ ಜಾಗತಿಕ ವ್ಯವಸ್ಥೆ. ನಂಜುಂಡಸ್ವಾಮಿ ವಿಶ್ವ ವ್ಯಾಪಾರ ಸಂಘಟನೆಯ ಬಗ್ಗೆ ರೈತ ಸಭೆಗಳಲ್ಲಿ ಹೇಳುತ್ತಿದ್ದದ್ದರ ತಿರುಳೂ ಇದೇ. ಕಾನೂನು ಓದಿದ ಮನುಷ್ಯನಿಗೆ ಅದು ಕಾನೂನಾಗಿಯೇ ಕಂಡಿತು. ಗಿಡೆನ್ಸ್, ಒಹಮಾಯೆ, ಕ್ಯಾಸ್ಟೆಲ್ಸ್ ಅವರನ್ನು ಇನ್ನು ಒಂದು ಕಾಲದ ಮನಃಸ್ಥಿತಿಯ ದಾಖಲೆಗಳಾಗಿ ಓದುವುದು ಒಳ್ಳೆಯದು.

ಮಾರುಕಟ್ಟೆಯನ್ನು ಕಟ್ಟುವುದು ರಾಜಕಾರಣ ಎಂಬುದನ್ನು ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಯಾರೂ ಕಲಿಸಬೇಕಿಲ್ಲ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿದ್ದು ದೆಹಲಿಯ ಒಂದು ಅಧಿಸೂಚನೆಯಿಂದ. ಅದಕ್ಕಾಗಿ ಯಾವ ಪಕ್ಷದ ಯಾವ ಸಂಸದ ಯಾರ ಬಾಗಿಲು ತಟ್ಟಿದನೆಂಬುದು ಅವನಿಗೆ ಗೊತ್ತಿರುತ್ತದೆ. ಕನ್ನಡದಲ್ಲಿ ಜಾಗತೀಕರಣದ ಬಗ್ಗೆ ಬರೆಯುವವರು ಇಂಥ ಅಧಿಸೂಚನೆಗಳಿಂದ, ಸೆಕ್ಷನ್‌ಗಳಿಂದ, ಸಭೆಗಳ ನಿರ್ಣಯಗಳಿಂದ ಶುರು ಮಾಡಲಿ. ಓದುಗರಲ್ಲೂ ಒಂದು ಕೋರಿಕೆ: ನಿಮ್ಮ ಮನೆಯ ಅಟ್ಟದಲ್ಲಿ 1991ರಿಂದ 1999ರ ನಡುವಿನ ರೈತ ಸಂಘದ ಕರಪತ್ರ, ಡಂಕೆಲ್ ವಿರುದ್ಧದ ಪುಸ್ತಿಕೆ, ತಾಲ್ಲೂಕು ಸಮಾವೇಶದ ನಿರ್ಣಯ ಏನಾದರೂ ಉಳಿದಿದ್ದರೆ ರದ್ದಿಗೆ ಹಾಕಬೇಡಿ, ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ.